ಹೊಸ ರೈಫಲ್ ಜಾಕೆಟ್: ಬೆನ್ನಲ್ಲಿ ಮಡಿಕೆ, ಮೊಣಕೈ ಸೊಂಟಕ್ಕೆ ಕೂರ್ತಿಲ್ಲ. ಟೈಲರ್ ಹತ್ರ ಗಿಡ್ಡ ಮಾಡಿಸ್ಲಾ?

ತುಂಗೆದಂಡೆ

ಮಗಳಿಗೆ 15 ವರ್ಷ, 10 ಮೀಟರ್ ಏರ್ ರೈಫಲ್, ಬಲಗೈ. ಅಳತೆ ಕಳಿಸಿ ಹೊಸ ಜಾಕೆಟ್ ಹೊಲಿಸಿದ್ದೇವೆ. ಕ್ಯಾನ್ವಾಸ್ ಮೈ, ಭುಜ ಮತ್ತು ಮೊಣಕೈಗೆ ಚರ್ಮ, ಮುಂದೆ ಐದು ಗುಂಡಿ. ಬಂದು ಮೂರು ವಾರ ಆಯ್ತು. ಸುಮ್ನೆ ನಿಂತಾಗ ಅಚ್ಚುಕಟ್ಟಾಗಿದೆ. ಪೊಸಿಷನ್ (ರೈಫಲ್ ಎತ್ತಿ ಗುರಿ ಹಿಡಿದು ನಿಲ್ಲೋ ಭಂಗಿ) ತಗೊಂಡ ತಕ್ಷಣ ಸೊಂಟದ ಹಿಂದೆ ಒಂದು ದಪ್ಪ ಅಡ್ಡ ಮಡಿಕೆ ಬೀಳುತ್ತೆ, ಅದರ ಕೆಳಗೆ ಜಾಕೆಟ್ ಬೆನ್ನಿಂದ ಎದ್ದು ನಿಲ್ಲುತ್ತೆ. ಎಡ ಮೊಣಕೈ ಸೊಂಟದ ಮೂಳೆ ಮೇಲೆ ಕೂರೋ ಬದಲು ಬಟ್ಟೆಯ ಗುಡ್ಡೆ ಮೇಲೆ ಕೂರುತ್ತೆ. ಗುರಿಯ ಮೇಲೆ ಬೀಳೋ ಶಾಟ್‌ಗಳ ಗುಂಪು ಮೇಲೆ ಕೆಳಗೆ ಉದ್ದ ಆಗಿದೆ. ಉದ್ದ ಜಾಸ್ತಿ ಆಗಿದೆ ಅಂತ ನನ್ನ ಲೆಕ್ಕ. ಶಿವಮೊಗ್ಗದಲ್ಲೇ ಟೈಲರ್ ಹತ್ರ ಮೂರು ಸೆಂಟಿಮೀಟರ್ ಕತ್ತರಿಸಿ ಮಡಚಿ ಹೊಲಿಸಬಹುದಾ? ಜೊತೆಗೆ ಈ ಮಳೆಗೆ ಆಗ್ಲೇ ಮುಗ್ಗಲು ವಾಸನೆ ಶುರುವಾಗಿದೆ.

ಮಿಲಿಮೀಟರ್

ಕತ್ತರಿ ಮುಟ್ಟಬೇಡಿ. ಮೊದಲು ಅಳೀರಿ. ಜಾಕೆಟ್ ಎಷ್ಟು ಚೆನ್ನಾಗಿ ಕೂತರೂ ಎಕ್ವಿಪ್‌ಮೆಂಟ್ ಕಂಟ್ರೋಲ್ (ಮ್ಯಾಚಿನ ಉಡುಪು ತಪಾಸಣೆ) ಮೇಜಿನ ಮೇಲೆ ಬಿದ್ದುಹೋದ್ರೆ ಏನು ಬಂತು? ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ನಿಯಮದಲ್ಲಿ ನಿಮಗೆ ಬೇಕಾದ್ದು ಇಷ್ಟು: ಮೈ ಮತ್ತು ತೋಳಿನ ದಪ್ಪ ಅಸ್ತರ್ ಸೇರಿ ಒಂದು ಪದರಕ್ಕೆ 2.5 ಮಿ.ಮೀ. ಮೀರಬಾರದು. ಮೊಣಕೈ, ಭುಜದ ಪಟ್ಟಿ ಇರೋ ಕಡೆ 10 ಮಿ.ಮೀ. ವರೆಗೆ ನಡೆಯುತ್ತೆ. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಜಾಕೆಟ್ ಅಂಚು ಮುಷ್ಟಿಯ ತಳಕ್ಕಿಂತ ಕೆಳಗೆ ಇಳೀಬಾರದು. ಎಲ್ಲ ಗುಂಡಿ ಹಾಕಿಕೊಂಡು ಎರಡೂ ಕೈ ಪೂರ್ತಿ ನೀಟಲು ಬರಬೇಕು.

ಹೆಚ್ಚು ಜನ ಎಡವೋದು ಸಡಿಲದ ಅಳತೆಯಲ್ಲಿ. ಮಾಮೂಲಿ ಗುಂಡಿ ಹಾಕೋ ಜಾಗಕ್ಕಿಂತ ಆಚೆಗೆ ಜಾಕೆಟ್ ಇನ್ನೂ 70 ಮಿ.ಮೀ. ಎಳೆಯಲು ಬರಬೇಕು. ಅಂದ್ರೆ ಗುಂಡಿಯ ನಡುವಿನಿಂದ ಕಾಜದ ಹೊರ ಅಂಚಿಗೆ. ತಪಾಸಣೆಯವರು ಎಳೆಯೋದು 6ರಿಂದ 8 ಕೆಜಿ ಬಲದಲ್ಲಿ. ಮನೇಲಿ ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಸಾಕು: ಒಳಗೆ ಮ್ಯಾಚಿನಲ್ಲಿ ಹಾಕೋ ಟೀಶರ್ಟ್ ಸ್ವೆಟರೇ ಇರಲಿ, ಕೈ ಇಳಿಬಿಟ್ಟು ನಿಲ್ಲಲಿ, ಕಾಜಕ್ಕೆ ದಾರದ ಕುಣಿಕೆ ಹಾಕಿ ಕೊಕ್ಕೆ ಸಿಗಿಸಿ 7 ಕೆಜಿ ತೋರಿಸೋವರೆಗೆ ಎಳೆದು ಇನ್ನೊಬ್ಬರ ಕೈಲಿ ಅಳೆಸಿ. ಐದೂ ಗುಂಡಿಗೆ ಬೇರೆ ಬೇರೆ. ಒಂದನ್ನೇ ಅಳೆದು ಸುಮ್ಮನಾಗಬೇಡಿ.

ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು 2.8 ಬಂತು ಅಂತ ಗಾಬರಿ ಆಗೋದು ಬೇಡ. ಅವರ ಯಂತ್ರ 5 ಕೆಜಿ ಭಾರ ಹೇರಿ ಒತ್ತಿ ಅಳೆಯುತ್ತೆ, ವರ್ನಿಯರ್ ಹಾಗೆ ಒತ್ತಲ್ಲ.

ತುಂಗೆದಂಡೆ

ಅಳೆದೆ ಸರ್. ಮೇಲಿಂದ ಕ್ರಮವಾಗಿ 78, 80, 74, 55, 48. ಉದ್ದ ಮುಷ್ಟಿಯ ತಳಕ್ಕಿಂತ ಎರಡು ಬೆರಳು ಮೇಲೇ ಇದೆ. ಕೆಳಗಿನ ಎರಡು ಗುಂಡಿ ಬಿಗಿ ಅಂದ್ರೆ, ಹಿಂದುಗಡೆ ಸಡಿಲವಾಗಿ ಎದ್ದು ನಿಲ್ಲೋದು ಹೇಗೆ? ಅದೇ ಅರ್ಥ ಆಗ್ಲಿಲ್ಲ.

ಕಾಜಗುಂಡಿ

ಅರ್ಥ ಆಗುತ್ತೆ ಮಾರಾಯ್ರೆ, ಬ್ಲೌಸು ಕೋಟು ಹೊಲಿಯೋರಿಗೆ ಇದು ದಿನದ ಪಾಡು. ಸೊಂಟದ ಹಿಂದೆ ಅಡ್ಡ ಮಡಿಕೆ ಬಿತ್ತು ಅಂದ್ರೆ ಎಲ್ಲರೂ ಉದ್ದ ಜಾಸ್ತಿ ಅಂತ ಕತ್ತರಿ ತಗೋತಾರೆ. ಬಹಳ ಸಲ ನಿಜವಾದ ಕಾರಣ ಪೃಷ್ಠದ ಸುತ್ತಳತೆ ಸಾಲದೆ ಇರೋದು. ಕೆಳಗೆ ಹಿಡಿದ ಬಟ್ಟೆ ಅಲ್ಲಿ ನಿಲ್ಲಲಾರದೆ ಕಡಿಮೆ ಸುತ್ತಳತೆ ಇರೋ ನಡುವಿನ ಕಡೆ ಏರುತ್ತೆ, ಏರಿದ್ದು ಅಲ್ಲೇ ಮಡಿಕೆಯಾಗಿ ಕೂರುತ್ತೆ. ಸುಮ್ನೆ ನಿಂತಾಗ ಕಾಣಲ್ಲ. ನಿಮ್ಮ ಮಗಳು ಪೊಸಿಷನ್ ತಗೊಂಡಾಗ ಸೊಂಟ ಗುರಿ ಕಡೆ ಮುಂದೆ ಹೋಗುತ್ತೆ, ಬೆನ್ನು ಹಿಂದಕ್ಕೆ ಬಾಗಿ ತಿರುಚುತ್ತೆ, ಆಗ ಕೆಳಗಿನ ಎರಡು ಗುಂಡಿ ಎಳೆದುಕೊಳ್ಳುತ್ತವೆ.

ಪರೀಕ್ಷೆ ಸುಲಭ. ಶೂಟಿಂಗ್ ಪ್ಯಾಂಟು, ಬೂಟು, ಒಳಗಿನ ಸ್ವೆಟರ್ ಎಲ್ಲ ಹಾಕಿ ರೈಫಲ್ ಎತ್ತಿ ಪೊಸಿಷನ್ ತಗೊಳ್ಲಿ. ಹಾಗೇ ಇರುವಾಗ ನೀವು ಕೆಳಗಿನ ಎರಡು ಗುಂಡಿ ಬಿಚ್ಚಿ. ಮಡಿಕೆ ಕುಸಿದು ಬಟ್ಟೆ ಕೆಳಗೆ ಜಾರಿದ್ರೆ ಬಿಗಿಯೇ ಕಾರಣ. ಬಿಚ್ಚಿದ ಮೇಲೂ ಮಡಿಕೆ ಅಲ್ಲೇ ಇದ್ರೆ ಬೆನ್ನಿನ ಉದ್ದ ಹೆಚ್ಚಾಗಿದೆ, ಆಗ ಮಾತ್ರ ಕತ್ತರಿಯ ಮಾತು. ನಿಮ್ಮ 55, 48 ನೋಡಿದ್ರೆ ಮೊದಲನೇದೇ ಅಂತ ಕಾಣುತ್ತೆ.

ಹಾಗಾದ್ರೆ ನಾಲ್ಕನೇ ಗುಂಡಿಯನ್ನು ಅಂಚಿನ ಕಡೆ 20 ಮಿ.ಮೀ., ಐದನೇದನ್ನು 27 ಮಿ.ಮೀ. ಸರಿಸಿ. ಎರಡೂ ಹೆಚ್ಚುಕಡಿಮೆ 75ಕ್ಕೆ ಬರುತ್ತವೆ. ಸರಿಯಾಗಿ 70ಕ್ಕೆ ನಿಲ್ಲಿಸಬೇಡಿ, ಅವರ ಕೈಯಲ್ಲಿ 69 ಬಂದ್ರೆ ಕತೆ ಮುಗೀತು, ರಿಯಾಯಿತಿ ಇಲ್ಲ. ಗುಂಡಿಯಿಂದ ಪಟ್ಟಿಯ ಅಂಚಿಗೆ ಕನಿಷ್ಠ 15 ಮಿ.ಮೀ. ಬಟ್ಟೆ ಉಳೀಬೇಕು, ಇಲ್ಲದಿದ್ರೆ ಗುಂಡಿ ಬಟ್ಟೆ ಸಮೇತ ಕಿತ್ತು ಬರುತ್ತೆ. ಅಷ್ಟು ಜಾಗ ಇಲ್ಲದಿದ್ರೆ ಪಕ್ಕದ ಹೊಲಿಗೆ ಬಿಚ್ಚಿ ಒಳಗಿರೋ ಬಟ್ಟೆ ಬಿಡಿಸಬೇಕು.

ಇದನ್ನ ಶರ್ಟು ಹೊಲಿಯೋ ಟೈಲರ್ ಹತ್ರ ಒಯ್ಯಬೇಡಿ, ಅವರ ಮಿಷನ್ನಿನ ಸೂಜಿ ಮುರಿಯುತ್ತೆ, ಟಾಕಾ ಬಿಡುತ್ತೆ. ಆಟೋ ಕಾಂಪ್ಲೆಕ್ಸ್ ಕಡೆ ಗಾಡಿ ಸೀಟು ಕವರ್ ಹೊಲಿಯೋರು ಇದ್ದಾರಲ್ಲ, ಅಂಥ ಭಾರೀ ಮಿಷನ್ ಬೇಕು. 18ನೇ ನಂಬರ್ ಸೂಜಿ, ನೈಲಾನ್ ದಾರ, ಟಾಕಾ 4 ಮಿ.ಮೀ. ಅಂತರದಲ್ಲಿ. ಚರ್ಮಕ್ಕೆ ಟಾಕಾ ಹತ್ತಿರ ಹತ್ತಿರ ಬಿದ್ರೆ ಅಂಚೆ ಚೀಟಿ ಹರಿದ ಹಾಗೆ ಸಾಲಾಗಿ ಹರಿಯುತ್ತೆ. ಅವರು ಗಟ್ಟಿಯಾಗಲಿ ಅಂತ ಒಳಗೊಂದು ರೆಕ್ಸಿನ್ ತುಂಡು ಇಡ್ತೀನಿ ಅಂತಾರೆ, ಒಪ್ಪಬೇಡಿ. ದಪ್ಪ ಹೆಚ್ಚುತ್ತೆ. ನೀವು ಹೇಳಿದ ಹಾಗೆ ಮೂರು ಸೆಂಟಿಮೀಟರ್ ಮಡಚಿ ಹೊಲಿಸಿದ್ರೂ ಅದೇ ಗತಿ, ಅಂಚಿನಲ್ಲಿ ಎರಡು ಪದರ.

ಒಂಬತ್ತೂವರೆ

ಗುಂಡಿ ವಿಷಯ ಒಪ್ಪುತ್ತೇನೆ. ಮೊಣಕೈ ವಿಷಯಕ್ಕೆ ಇನ್ನೊಂದು ನೋಡಿ: ಜಾಕೆಟ್ ಇಲ್ಲದೆ, ಬರೀ ಪ್ಯಾಂಟು ಟೀಶರ್ಟಲ್ಲಿ ಪೊಸಿಷನ್ ತಗೊಂಡಾಗ ಮೊಣಕೈ ಮೂಳೆ ಮುಟ್ಟುತ್ತಾ? ಮುಟ್ಟದಿದ್ರೆ ತಪ್ಪು ಜಾಕೆಟ್ಟಿನದ್ದಲ್ಲ. ಕೈ ಮತ್ತು ಫೋರ್‌ಎಂಡ್ (ರೈಫಲ್‌ನ ಮುಂಭಾಗದ ಹಿಡಿ) ನಡುವಿನ ಬ್ಲಾಕಿನ ಎತ್ತರ ನೋಡಬೇಕು, ಇಲ್ಲವೇ ತೋಳು ಗಿಡ್ಡ ಇದ್ದು ಮೊಣಕೈ ಪಕ್ಕೆಗೆ ಆನಿಸಿಕೊಳ್ಳೋದೇ ಆಕೆಗೆ ಸಹಜ ಇರಬಹುದು. ಮುಟ್ಟಿದ್ರೆ, ಜಾಕೆಟ್ ಹಾಕಿದಾಗ ಮೊಣಕೈ ಇಳಿಸೋ ಮುಂಚೆ ಬಲಗೈಯಿಂದ ಎಡಬದಿಯ ಬಟ್ಟೆಯನ್ನು ಕೆಳಗೆ ಹಿಂದಕ್ಕೆ ಒಮ್ಮೆ ಎಳೆದು, ಮಡಿಕೆಯನ್ನು ಮೊಣಕೈಯ ಮೇಲ್ಭಾಗಕ್ಕೆ ಕಳಿಸೋದು ಅಭ್ಯಾಸವಾಗಲಿ. ಪ್ರತಿ ಶಾಟ್‌ಗೂ ಒಂದೇ ರೀತಿ. ಒಂದು ಸಲ ಎಳೆದು ಇನ್ನೊಂದು ಸಲ ಬಿಟ್ರೆ ಮೊಣಕೈ ಕೆಳಗಿನ ದಪ್ಪ ಬದಲಾಗುತ್ತೆ, ರೈಫಲ್ ಎತ್ತರ ಬದಲಾಗುತ್ತೆ. ನಿಮ್ಮ ಮೇಲೆ ಕೆಳಗಿನ ಉದ್ದಕ್ಕೆ ಇದೊಂದು ಕಾರಣ ಆಗಿರಬಹುದು.

ಇನ್ನೊಂದು ಕಾರಣ ಬಟ್‌ಪ್ಲೇಟ್, ಅಂದ್ರೆ ರೈಫಲ್ಲಿನ ಹಿಂತುದಿಯಲ್ಲಿ ಭುಜಕ್ಕೆ ಆನೋ ಭಾಗ. ಹಳೇ ಮೆತ್ತಗಿನ ಜಾಕೆಟ್‌ಗೆ ಹೊಂದಿಸಿದ ರೈಫಲ್ಲನ್ನು ಹೊಸದಕ್ಕೆ ಹಾಗೇ ಬಳಸ್ತಿದ್ದಾರೆ ಅಂತ ಊಹೆ. ಭುಜದ ಹೊಸ ಪಟ್ಟಿ ದಪ್ಪ, ಜೊತೆಗೆ ಜಾರುತ್ತೆ. ಸ್ಟಾಕಿನ (ರೈಫಲ್ಲಿನ ಹಿಂಭಾಗದ ದಿಂಡು) ಉದ್ದ 3ರಿಂದ 5 ಮಿ.ಮೀ. ಕಡಿಮೆ ಮಾಡಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಎರಡು ಉಸಿರು ಬಿಟ್ಟು ತೆರೆದಾಗ ಸೈಟು ಗುರಿಗಿಂತ ಮೇಲೋ ಕೆಳಗೋ ಇದ್ರೆ ಬಟ್‌ಪ್ಲೇಟಿನ ಎತ್ತರ ಬದಲಿಸಿ, ಎಡಕ್ಕೋ ಬಲಕ್ಕೋ ಇದ್ರೆ ಪಾದ ಸರಿಸಿ. ಕೊನೆಗೆ ಕೆನ್ನೆ ಆನಿಸೋ ಚೀಕ್‌ಪೀಸ್. ಒಂದು ದಿನಕ್ಕೆ ಒಂದೇ ಬದಲಾವಣೆ, 20 ಶಾಟ್, ಬರೆದಿಡಿ. ಮೂರನ್ನೂ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟಿತು ಅಂತ ದೇವರಿಗೂ ಗೊತ್ತಾಗಲ್ಲ. ಆದ್ರೆ ಗುಂಡಿ ಸರಿಸೋ ಮುಂಚೆ ರೈಫಲ್ ಮುಟ್ಟಬೇಡಿ, ಎರಡೆರಡು ಸಲ ಮಾಡಬೇಕಾಗುತ್ತೆ.

ಪಟ್ಟಿ ಜಾರುತ್ತೆ ಅಂತ ಅಂಟು, ಮೇಣ, ವೆಲ್ಕ್ರೋ ಏನೂ ಹಚ್ಚಬೇಡಿ, ಅದಕ್ಕೆ ಅವಕಾಶ ಇಲ್ಲ. ಚರ್ಮವನ್ನು ಉಜ್ಜಿ ಒರಟು ಮಾಡೋದಕ್ಕೆ ಮಾತ್ರ ನಿಯಮದಲ್ಲಿ ಅವಕಾಶ ಇದೆ.

ಮಿಲಿಮೀಟರ್

ಪಳಗಿಸೋದರ ಬಗ್ಗೆ ಯಾರೂ ಹೇಳ್ಲಿಲ್ಲ. ಕ್ಯಾನ್ವಾಸ್ ಮೊದಲು ಎಲ್ಲಿ ಮಡಚುತ್ತೋ ಮುಂದೆಯೂ ಅಲ್ಲೇ ಮಡಚುತ್ತೆ. ಹೊಸ ಜಾಕೆಟ್ ಗುಂಡಿ ಹಾಕಿಕೊಂಡು ಕುರ್ಚಿ ಮೇಲೆ ಕೂತ್ರೆ ಹೊಟ್ಟೆ ಮುಂದೆ ಬೀಳೋ ಗೆರೆ ಕೊನೇವರೆಗೂ ಹೋಗಲ್ಲ. ಕೂರಬೇಕಾದ್ರೆ ಎಲ್ಲ ಗುಂಡಿ ಬಿಚ್ಚಲಿ. ಪೆಲೆಟ್ ಇಲ್ಲದೆ ದಿನಾ 20-25 ನಿಮಿಷ, ಒಂದೊಂದು ಸಲಕ್ಕೆ 20 ಸೆಕೆಂಡ್ ಹಿಡಿದು ಇಳಿಸೋದು, ಎರಡು ವಾರ. ಎಣ್ಣೆ, ಇಸ್ತ್ರಿ, ಬಿಸಿನೀರು ಯಾವುದೂ ಬೇಡ.

ಗಡಸುತನಕ್ಕೂ ಪರೀಕ್ಷೆ ಇದೆ. 60 ಮಿ.ಮೀ. ಕೊಳವೆಯ ಬಾಯಿ ಮೇಲೆ ಬಟ್ಟೆ ಹಾಸಿ, 20 ಮಿ.ಮೀ. ಅಗಲದ ತಲೆಯಿಂದ 1 ಕೆಜಿ ಭಾರ ಒತ್ತಿದಾಗ ಕನಿಷ್ಠ 3.0 ಮಿ.ಮೀ. ಕುಸಿಯಬೇಕು. ತೋಟಕ್ಕೆ ನೀರು ಹಾಯಿಸೋ 63 ಮಿ.ಮೀ. ಪಿವಿಸಿ ಪೈಪಿನ ತುಂಡು, ಒಂದು ಮರದ ಗೂಟ, ಒಂದು ಕೆಜಿ ಬಟ್ಟು ಇದ್ರೆ ಮನೇಲಿ ಅಂದಾಜು ಸಿಗುತ್ತೆ. ಮಳೆಗಾಲದಲ್ಲಿ ಇಲ್ಲಿ ಅಳೆದು ಬಂದ ಅಂಕಿ ನಂಬಿ ಕೂರಬೇಡಿ. ತೇವಕ್ಕೆ ಬಟ್ಟೆ ಮೆತ್ತಗಿರುತ್ತೆ. ಅದೇ ಜಾಕೆಟ್ ಚಳಿಗಾಲದಲ್ಲಿ ದೆಹಲಿಯ ಕರ್ಣಿ ಸಿಂಗ್ ರೇಂಜಿಗೆ ಹೋದ್ರೆ ಒಣ ಚಳಿಗೆ ಬಿರುಸಾಗುತ್ತೆ. ಇಲ್ಲಿ 3.1 ಬಂದಿದ್ರೆ ಅಲ್ಲಿ ಸಂಕಟ. ಅಂಥ ಕಡೆ ತಪಾಸಣೆಗೆ ಮುಂಚೆ ಅರ್ಧ ಗಂಟೆ ಮೈಮೇಲೆ ಹಾಕಿಕೊಂಡು ಬೆಚ್ಚಗಾಗಿಸೋದು ವಾಡಿಕೆ. ಆದ್ರೆ ಮ್ಯಾಚ್ ಆದ ಮೇಲೂ ತಪಾಸಣೆಗೆ ಕರೀಬಹುದು, ಅಲ್ಲಿ ಬಿದ್ರೆ ಅನರ್ಹ. ಹಾಗಾಗಿ ಬೆಚ್ಚಗಿನ ಆಟವನ್ನೇ ನೆಚ್ಚಿಕೊಳ್ಳಬೇಡಿ.

ಹೊಡಸ್ಲುಮನೆ

ವಾಸನೆಗೆ ನಾನು ಹೇಳ್ತೀನಿ, ತೀರ್ಥಹಳ್ಳಿ ಆಚೆ ಕಡೆಯವರಿಗೆ ಬೂಸ್ಟು ಅಂದ್ರೆ ಮನೆ ನೆಂಟ. ಶಿವಮೊಗ್ಗದಲ್ಲಿ ನಿಮಗೆ ನಮ್ಮಷ್ಟು ಮಳೆ ಇಲ್ಲ, ಆದ್ರೂ ಜುಲೈ ಆಗಸ್ಟ್ ಸಾಕು. ಮುಖ್ಯ ತಪ್ಪು ಅಭ್ಯಾಸ ಮುಗಿದ ತಕ್ಷಣ ಬ್ಯಾಗಿಗೆ ತುಂಬಿ ಜಿಪ್ ಎಳೆಯೋದು. ಬೆವರು ಒಳಗೇ ಉಳಿಯುತ್ತೆ. ಮನೆಗೆ ಬಂದು ಭುಜದ ಕಡೆ ಅಗಲ ಇರೋ ಮರದ ಹ್ಯಾಂಗರ್‌ಗೆ ಹಾಕಿ, ಗುಂಡಿ ಬಿಚ್ಚಿ, ಫ್ಯಾನ್ ಕೆಳಗೆ ರಾತ್ರಿಯಿಡೀ. ತಂತಿ ಹ್ಯಾಂಗರ್ ಬೇಡ, ಭುಜದಲ್ಲಿ ಮೊಳೆ ಹೊಡೆದ ಹಾಗೆ ಗುಬುಟು ಬರುತ್ತೆ, ಬಟ್ ಕೂರೋ ಜಾಗವೇ ಅದು. ಬಚ್ಚಲ ಒಲೆ ಹತ್ರ, ಅಡಿಕೆ ಬೇಯಿಸೋ ಒಲೆ ಹತ್ರ ಒಣಗಿಸಲೇಬೇಡಿ. ಬಟ್ಟೆ ಬೇಗ ಒಣಗುತ್ತೆ ನಿಜ, ಚರ್ಮ ಹಪ್ಪಳ ಆಗುತ್ತೆ.

ಬಿಳಿ ಬೂಸ್ಟು ಕಂಡ್ರೆ ಮನೆ ಹೊರಗೆ ಒಣ ಬ್ರಶ್‌ನಲ್ಲಿ ಝಾಡಿಸಿ. ಆಮೇಲೆ ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ ಫ್ಯಾನಿಗೆ ಹಿಡೀರಿ. ಚರ್ಮದ ಮೇಲಾದ್ರೆ ಮೊದಲು ಕಾಣದ ಮೂಲೆಯಲ್ಲಿ ಒರೆಸಿ ಬಣ್ಣ ಬಿಡುತ್ತಾ ನೋಡಿ. ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಹಳೇ ಹತ್ತಿ ಸೀರೆ ತುಂಡು ಹೊದಿಸಿ. ಒಳಗಿನ ಸ್ವೆಟರ್ ಒಂದೇ ತರಹದ್ದು ಎರಡು ಇರಲಿ. ಮಳೆಗಾಲದಲ್ಲಿ ಒಂದು ಒಣಗೋದೇ ಇಲ್ಲ, ಆಗ ಬೇರೆ ದಪ್ಪದ್ದು ಹಾಕಿಕೊಂಡು ಹೋಗ್ತಾರೆ, ಇಷ್ಟೊತ್ತು ಇವರೆಲ್ಲ ಹೇಳಿದ ಮಿಲಿಮೀಟರ್ ಲೆಕ್ಕ ಎಲ್ಲ ನೀರಲ್ಲಿ ಹೋಮ.

ತುಂಗೆದಂಡೆ

ಕೆಳಗಿನ ಎರಡು ಗುಂಡಿ ಬಿಚ್ಚಿ ನೋಡಿದ್ವಿ, ಮಡಿಕೆ ಮುಕ್ಕಾಲು ಪಾಲು ಇಳೀತು. ಪಟ್ಟಿಯಲ್ಲಿ ಐದನೇ ಗುಂಡಿಯಿಂದ ಅಂಚಿಗೆ 38 ಮಿ.ಮೀ. ಇದೆ. 27 ಸರಿಸಿದ್ರೆ ಉಳಿಯೋದು 11.

ಕಾಜಗುಂಡಿ

ಸಾಲಲ್ಲ. ಗುಂಡಿ 22 ಮಾತ್ರ ಸರಿಸಿ, ಎಡ ಬಲ ಪಕ್ಕದ ಹೊಲಿಗೆಯ ಕೆಳಗಿನ ಒಂದು ಗೇಣು ಬಿಚ್ಚಿಸಿ ತಲಾ 3 ಮಿ.ಮೀ. ಬಿಡಿಸಿ. ಒಂದು ಹೊಲಿಗೆಯಲ್ಲಿ ಎರಡೂ ಕಡೆ ಬಟ್ಟೆ ಬಿಡುತ್ತೆ, ಹಾಗಾಗಿ ಸುತ್ತಳತೆ ಒಟ್ಟು 12 ಹೆಚ್ಚುತ್ತೆ. ಮೊದಲು ಕಚ್ಚಾ ಹೊಲಿಗೆ ಹಾಕಿಸಿ, ಪೊಸಿಷನ್ ತಗೊಂಡು ನೋಡಿ, ತಕ್ಕಡಿಯಲ್ಲಿ ಐದೂ ಗುಂಡಿ ಮತ್ತೆ ಅಳೆದು, ಆಮೇಲೆ ಮಿಷನ್ನಿಗೆ ಕೊಡಿ. ಉಳಿದ ಕಾಲು ಪಾಲು ಮಡಿಕೆಗೆ ಎರಡು ವಾರ ಪಳಗಲು ಬಿಡಿ. ಮ್ಯಾಚ್ ಹತ್ರ ಇದ್ರೆ ಈಗಲೇ ಮಾಡಿಸಿ, ತಪಾಸಣೆ ಆದ ಮೇಲೆ ಸೂಜಿ ಮುಟ್ಟಿಸೋ ಹಾಗಿಲ್ಲ.