ಹೊಸ ಫೋನಲ್ಲಿ ಯುಪಿಐ ಶುರುವೇ ಆಗುತ್ತಿಲ್ಲ, ನಾಳೆ ಬಟವಾಡೆ!

ತೋಟದಮನೆ: ಬೆಳಿಗ್ಗೆಯಿಂದ ತಲೆ ಕೆಟ್ಟು ಹೋಗಿದೆ. ಹೊಸ ಫೋನಿಗೆ ಯುಪಿಐ ಆ್ಯಪ್ ಹಾಕಿದೆ. ಚಕ್ರ ಸುತ್ತುತ್ತದೆ, ಆಮೇಲೆ ನಂಬರ್ ವೆರಿಫೈ ಆಗಲಿಲ್ಲ ಅನ್ನುತ್ತದೆ. ಎರಡು ಆ್ಯಪ್ ನೋಡಿದೆ, ಎರಡೂ ಅದೇ ರಾಗ. ಅಡಿಕೆಗೆ ಔಷಧಿ ಹೊಡೆದ ಆರು ಜನಕ್ಕೆ ನಾಳೆ ದುಡ್ಡು ಹಾಕಬೇಕು. ಏನಾದರೂ ಹೇಳಿ ಮಾರಾಯ್ರೆ.

ಮೂರುಸಿಮ್: ಆ್ಯಪಿನ ಕ್ಯಾಶ್ (ಅದು ಫೋನಲ್ಲಿ ಕೂಡಿಟ್ಟ ತಾತ್ಕಾಲಿಕ ಡೇಟಾ) ಕ್ಲಿಯರ್ ಮಾಡಿ.

ತೋಟದಮನೆ: ಕ್ಯಾಶ್ ಕ್ಲಿಯರ್ ಆಗಿಯೇ ಈ ಗತಿ ಬಂದದ್ದು! ಎರಡು ಸಲ ಮಾಡಿದೆ, ಆಗಲಿಲ್ಲ.

ಮೂರುಸಿಮ್: ಆ್ಯಪ್ ತೆಗೆದು, ಫೋನ್ ಆಫ್ ಮಾಡಿ, ಮತ್ತೆ ಕ್ಯಾಶ್ ಕ್ಲಿಯರ್ ಮಾಡಿ.

ಗಡಿನಾಡು: ಎಷ್ಟು ಸಲ ಮಾಡಿಸ್ತೀರಿ ಸ್ವಾಮಿ? ತೋಟದಮನೆಯವರೇ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದೇ ಫೋನಲ್ಲಿದೆಯಾ?

ತೋಟದಮನೆ: ಇದೆ, ಎರಡನೇ ಸ್ಲಾಟಲ್ಲಿ. ಒಟಿಪಿ ಎಲ್ಲ ಬರುತ್ತದೆ.

ಸಂತೆಪೇಟೆ: ಇಷ್ಟೆಲ್ಲ ಯಾಕೆ? *99# ಒತ್ತಿ. ನೆಟ್ಟೇ ಬೇಡ.

ಮೂರುಸಿಮ್: ಅದರಲ್ಲಿ ಒಂದು ಸಲಕ್ಕೆ 5000 ಮಾತ್ರ. ನಡುವೆ ಸಿಗ್ನಲ್ ಹೋದರೆ ಮತ್ತೆ ಮೊದಲಿಂದ. ನನ್ನ ಹತ್ತಿರ ಎರಡು ಫೋನ್, ಮೂರು ಸಿಮ್, ಅಂಗಡಿಗೆ ಬೇರೆ ಸೌಂಡ್ ಬಾಕ್ಸ್. ಒಂದು ದಿನ ನಿಂತಿಲ್ಲ.

ಸಂತೆಪೇಟೆ: 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂತು ಅಂತ ಬೆಂಗಳೂರಲ್ಲಿ ಕ್ಯೂಆರ್ ಕಿತ್ತಿಟ್ಟರಲ್ಲ, ಆಗಲೂ ನಿಂತಿರಲಿಲ್ವಾ?

ಮೂರುಸಿಮ್: ನಂದು ಬರೀ ದಿನಸಿ. ವ್ಯಾಪಾರ ವರ್ಷಕ್ಕೆ ಜಿಎಸ್‌ಟಿ ಮಿತಿ 40 ಲಕ್ಷ ದಾಟುವುದಿಲ್ಲ. ಬೇಕಾದರೆ ಲೆಕ್ಕದ ಪುಸ್ತಕ ತೋರಿಸುತ್ತೇನೆ.

ಗಡಿನಾಡು: ಆ ಜಗಳ ಬೇರೆ ಕಡೆ ಆಡಿ. ತೋಟದಮನೆಯವರೇ, ಒಟಿಪಿ ಬಂದರೆ ಸಾಲದು. ನಿಮ್ಮ ಸಿಮ್ಮಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೊರಗೆ ಹೋಗಬೇಕು. ಮೆಸೇಜ್ ತೆಗೆದು ನೋಡಿ.

ತೋಟದಮನೆ: ಓಹೋ. ಗಜಿಬಿಜಿ ಅಕ್ಷರದ ಮೆಸೇಜ್ ಏಳೆಂಟು ಇವೆ. ಎಲ್ಲದರ ಕೆಳಗೂ ಕೆಂಪಲ್ಲಿ ‘ಹೋಗಿಲ್ಲ’ ಅಂತಿದೆ. ಆ ಸಿಮ್ಮಿಗೆ ಸುಮ್ನೆ ಜೀವ ಇರಲಿ ಅಂತ ಸಣ್ಣ ಪ್ಯಾಕ್ ಹಾಕಿಸಿದ್ದೆ. ಎಸ್ಸೆಮ್ಮೆಸ್ಸೂ ಇಲ್ಲ, ಕರೆನ್ಸಿ ಸೊನ್ನೆ.

ಗಡಿನಾಡು: ಇದನ್ನು ಮೊದಲೇ ಹೇಳಬಾರದಾ! ಹತ್ತು ರೂಪಾಯಿ ಟಾಪಪ್ ಹಾಕಿ. ಆ್ಯಪ್ ಕೇಳಿದಾಗ ಎರಡನೇ ಸಿಮ್ಮನ್ನೇ ಆರಿಸಿ.

ಮೂರುಸಿಮ್: ಆದರೂ ಕ್ಯಾಶ್ ಒಮ್ಮೆ ನೋಡಿ.

ತೋಟದಮನೆ: ಆಯ್ತು! ಗೇಟಿನ ಹತ್ತಿರ ಹೋಗಿ ಸಿಗ್ನಲ್ ಹಿಡಿದೆ, ಒಂದೇ ಸಲಕ್ಕೆ ವೆರಿಫೈ. ಇವತ್ತೇ ಮುಗಿಸೋಣ ಅಂತ ಇಬ್ಬರಿಗೆ ಕಳಿಸಿದೆ. ಮೂರನೆಯವನಿಗೆ ಹೋಗುತ್ತಿಲ್ಲ. ಖಾತೆಯಲ್ಲಿ ದುಡ್ಡಿದೆ.

ಗಡಿನಾಡು: ಹೊಸ ಫೋನಲ್ಲವಾ, ಮೊದಲ 24 ಗಂಟೆ ಒಟ್ಟು 5000 ಮಾತ್ರ. ಉಳಿದವರಿಗೆ ನಾಳೆ ರಾತ್ರಿ.

ಮೂರುಸಿಮ್: ಯಾವ ಫೋನ್ ತಗೊಂಡಿರಿ? ಹಳೆಯದಕ್ಕೆ ಏನಾಯಿತು?

ತೋಟದಮನೆ: ಮೈಲುತುತ್ತದ ಡ್ರಮ್ಮಿಗೆ ಬಿತ್ತು. ನೀಲಿಯಾಗಿದೆ.