ಭಾನುವಾರದ ಗುಂಪು ಓಟ: 5:45ರ ಪೇಸ್‌ನವರನ್ನೂ 9:00ರವರನ್ನೂ ಒಟ್ಟಿಗೆ ಓಡಿಸುವುದು ಹೇಗೆ?

ಕೆರೆಏರಿ ಕೇಳಿದ್ದು:

ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರ ಓಟದ ಗುಂಪು ನಮ್ಮದು. ಭಾನುವಾರ ಬೆಳಿಗ್ಗೆ 6ಕ್ಕೆ ಸೇರುತ್ತೇವೆ. ಬರುವವರು 25–30 ಜನ, ವಯಸ್ಸು 24ರಿಂದ 58. ಕೆಲವರ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ) 5:45, ಅಂದರೆ 5 ನಿಮಿಷ 45 ಸೆಕೆಂಡು; ಕೆಲವರಿಗೆ 9 ನಿಮಿಷ ಬೇಕು.

ಮೊದಲ ಎರಡು ಕಿಲೋಮೀಟರ್ ಎಲ್ಲರೂ ಮುಂದಿನವರ ಬೆನ್ನು ಹತ್ತಿ ಓಡುತ್ತಾರೆ, ನಾಲ್ಕನೆಯದಕ್ಕೆ ಗುಂಪು ಚದುರಿಹೋಗುತ್ತದೆ. ಹೊಸಬರು, ಅದರಲ್ಲೂ ಹೆಂಗಸರು, ಒಂದು ವಾರ ಬಂದು ಆಮೇಲೆ ಬರುವುದೇ ಇಲ್ಲ. ಎಲ್ಲರ ಬಾಯಲ್ಲೂ ‘ಜೋನ್ 2’ (ಹೃದಯ ಬಡಿತ ಹೆಚ್ಚು ಏರದ ಸಲೀಸು ಓಟ), ಆದರೆ ವಾಚ್ ನೋಡಿದರೆ ಬಡಿತ ನಿಮಿಷಕ್ಕೆ 165ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆರೇಳು ಜನ ಕಾರ್ಬನ್ ಪ್ಲೇಟ್ ಶೂ (ಸೋಲಿನೊಳಗೆ ಗಟ್ಟಿ ಕಾರ್ಬನ್ ತಗಡು ಇರುವ ಶೂ) ಕೊಂಡಿದ್ದಾರೆ, ಮೂವರಿಗೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನಲ್ಲಿ ನೋವು. ಏಪ್ರಿಲ್‌ನ ಬೆಂಗಳೂರು 10ಕೆ (10 ಕಿ.ಮೀ. ಓಟ) ಎಲ್ಲರ ಗುರಿ. ಎಲ್ಲಿಂದ ಸರಿಪಡಿಸಬೇಕು, ತಿಳಿದವರು ಹೇಳಿ.

ಬೆಳಗಿನಜಾವ:

ಕಿಲೋಮೀಟರ್ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಿರಿ. ನಿಮ್ಮ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಎಲ್ಲರೂ ಒಟ್ಟಿಗೆ ಹೊರಡಿ, ಅವರವರ ವೇಗದಲ್ಲಿ 22 ನಿಮಿಷ ಹೋಗಿ. 22 ಆದ ಕೂಡಲೇ ಯಾರು ಎಲ್ಲಿದ್ದಾರೋ ಅಲ್ಲಿಂದಲೇ ಹಿಂದಿರುಗಬೇಕು. 5:45ರವರು ಅಷ್ಟರಲ್ಲಿ 3.8 ಕಿ.ಮೀ. ಹೋಗಿರುತ್ತಾರೆ, 8:30ರವರು 2.6 ಕಿ.ಮೀ. ವಾಪಸ್ ಬರುವಾಗ ವೇಗದವರು ಹಿಂದಿನಿಂದ ಬಂದು ಕೂಡಿಕೊಳ್ಳುತ್ತಾರೆ, 44ನೇ ನಿಮಿಷಕ್ಕೆ ಎಲ್ಲರೂ ಹೊರಟ ಜಾಗದಲ್ಲಿ. ಯಾರೂ ಯಾರಿಗೂ ಕಾಯಬೇಕಿಲ್ಲ, ಕೊನೆಗೆ ಬಂದವರು ಕುಂಟುತ್ತಾ ಬರುವಾಗ ಉಳಿದವರು ಟೀ ಕುಡಿದು ಮುಗಿಸಿರುವ ಪ್ರಸಂಗವೂ ಇಲ್ಲ.

ಇದು ಕೆಡುವುದು ಒಂದೇ ಕಡೆ: ಹೋಗುವಾಗ ಜೋರಾಗಿ ಓಡಿ, ಬರುವಾಗ ಸುಸ್ತಾಗುವವರು 44 ದಾಟಿ ಬರುತ್ತಾರೆ. ಹಾಗೆ ತಡವಾದರೆ ಅದು ಅವರಿಗೇ ಪಾಠ, ಮುಂದಿನ ವಾರ ಹೋಗುವಾಗ ವೇಗ ಹಿಡಿದಿಟ್ಟು ಓಡುತ್ತಾರೆ. ಸಿಗ್ನಲ್ ಇರುವ ರಸ್ತೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕೆರೆ ಅಥವಾ ಪಾರ್ಕಿನ ಸುತ್ತು ಹುಡುಕಿಕೊಳ್ಳಿ. ಸುತ್ತು 1ರಿಂದ 1.5 ಕಿ.ಮೀ. ಇದ್ದರೆ ಸಾಕು, ಯಾರೂ ಕಣ್ಮರೆಯಾಗುವುದಿಲ್ಲ, ನೀರಿನ ಬಾಟಲಿಯನ್ನೂ ಒಂದೇ ಕಡೆ ಇಡಬಹುದು.

ಮುಖ್ಯವಾದದ್ದು ಇನ್ನೊಂದಿದೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನರಿಂದ ಶುರುವಾದ 5 ಕಿ.ಮೀ. ಓಟ ಇಂದು ‘ಪಾರ್ಕ್‌ರನ್’ ಹೆಸರಲ್ಲಿ ಅನೇಕ ದೇಶಗಳಲ್ಲಿ ಪ್ರತಿ ಶನಿವಾರ ಉಚಿತವಾಗಿ ನಡೆಯುತ್ತದೆ. ಅಲ್ಲಿ ಒಬ್ಬ ಸ್ವಯಂಸೇವಕರು ಎಲ್ಲರಿಗಿಂತ ಹಿಂದೆ ನಡೆಯುತ್ತಾ ಬರುತ್ತಾರೆ. ಹಾಗಾಗಿ ಓಡಲು ಬಂದವರು ಯಾರೂ ‘ಕೊನೆಯವರು’ ಆಗುವುದೇ ಇಲ್ಲ. ನಿಮ್ಮ ಹೊಸಬರು ಎರಡನೇ ವಾರ ಬರದಿರುವುದಕ್ಕೆ ಕಾರಣ ಕಾಲು ನೋವಲ್ಲ, ಒಂಟಿಯಾಗಿ ಹಿಂದೆ ಉಳಿದದ್ದು. ಗುಂಪಿನಲ್ಲಿ ಚೆನ್ನಾಗಿ ಓಡುವವರನ್ನೇ ಸರದಿಯ ಮೇಲೆ ಹಿಂದೆ ಹಾಕಿ. ಅವರ ಹತ್ತಿರ ಒಂದು ವಿಷಲ್, ಫೋನು, ನೂರಿನ್ನೂರು ರೂಪಾಯಿ ಇರಲಿ, ಯಾರಿಗಾದರೂ ಆಟೊ ಹತ್ತಿಸಬೇಕಾದೀತು.

ಮೀನಖಂಡ:

ಬೆಳಗಿನಜಾವ ಅವರ ಮಾತಿಗೆ ಸೇರಿಸುತ್ತೇನೆ. 9 ನಿಮಿಷದವರನ್ನು ಬರೀ ‘ನಿಧಾನ ಓಡಿ’ ಎಂದರೆ ಪ್ರಯೋಜನವಿಲ್ಲ, ಓಟ-ನಡಿಗೆ ಕೊಡಿ. 2 ನಿಮಿಷ ಓಟ, 1 ನಿಮಿಷ ಚುರುಕು ನಡಿಗೆ. ಸುಸ್ತಾದ ಮೇಲೆ ನಡೆಯುವುದಲ್ಲ, ಮೊದಲ ಸುತ್ತಿನಿಂದಲೇ, ಉಸಿರು ಸರಾಗವಾಗಿರುವಾಗಲೇ ನಡೆಯಬೇಕು. ಇಡೀ ಗುಟ್ಟು ಇರುವುದೇ ಅಲ್ಲಿ. ಓಡುವಾಗ 7:00, ನಡೆಯುವಾಗ 10:30 ಇದ್ದರೆ ಸರಾಸರಿ 7:52 ಬರುತ್ತದೆ, ಅಂದರೆ 10 ಕಿ.ಮೀ. 79 ನಿಮಿಷದೊಳಗೆ. ಒಂದೇ ಸಮನೆ ಓಡಲು ಹೋಗಿ 6ನೇ ಕಿಲೋಮೀಟರಿನಲ್ಲಿ ನಿಲ್ಲುವವರಿಗಿಂತ ಇವರು ಮೊದಲು ತಲುಪುತ್ತಾರೆ. ತೀರಾ ಹೊಸಬರಿಗೆ 1–1ರಿಂದ ಶುರು ಮಾಡಿ, ಎರಡೆರಡು ವಾರಕ್ಕೆ ಅರ್ಧ ನಿಮಿಷ ಓಟ ಸೇರಿಸಿ. ವಾಚ್‌ನಲ್ಲಿ ಇಂಟರ್ವಲ್ ಅಲಾರಂ ಹಾಕಿಕೊಂಡರೆ ಲೆಕ್ಕ ಇಡುವ ಗೋಜಿಲ್ಲ.

ಇನ್ನು 165ರ ವಿಷಯ. ಅದರಲ್ಲಿ ಎರಡು ತಪ್ಪು ಬೆರೆತಿರಬಹುದು.

ಮೊದಲನೆಯದು ವಾಚಿನದು. ಮಣಿಕಟ್ಟಿನ ಸೆನ್ಸರ್ ಹಸಿರು ಬೆಳಕಿನಿಂದ ರಕ್ತದ ಏರಿಳಿತ ಅಳೆಯುತ್ತದೆ. ಪಟ್ಟಿ ಸಡಿಲವಿದ್ದರೆ ಹೆಜ್ಜೆ ಬೀಳುವ ಲಯವನ್ನೇ ನಾಡಿ ಎಂದುಕೊಂಡುಬಿಡಬಹುದು. ನಿಮಿಷಕ್ಕೆ 165 ಹೆಜ್ಜೆ ಹಾಕುವವರಿಗೆ ಹೃದಯದ ಬಡಿತವೂ 165 ಎಂದೇ ತೋರಿಸಬಹುದು. ಎರಡೂ ಅಂಕಿ ಇಡೀ ಓಟದಲ್ಲಿ ಜೊತೆಜೊತೆಗೇ ಸಾಗಿದ್ದರೆ ಅದು ನಾಡಿಯಲ್ಲ. ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ. ಎದೆಗೆ ಕಟ್ಟುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಸೂತ್ರದ್ದು. ಬಹಳಷ್ಟು ವಾಚ್‌ಗಳು 220ರಿಂದ ವಯಸ್ಸು ಕಳೆದು ಜೋನ್ ಹಾಕುತ್ತವೆ. ಒಬ್ಬೊಬ್ಬರ ವಿಷಯದಲ್ಲಿ ಅದು 10–12 ಬಡಿತ ಆಚೀಚೆ ಇರುವುದು ಮಾಮೂಲು. ಅದಕ್ಕಿಂತ ಬಾಯಿಯ ಪರೀಕ್ಷೆ ನಂಬಿ: ಹತ್ತು ಹನ್ನೆರಡು ಪದದ ಒಂದು ವಾಕ್ಯವನ್ನು ನಡುವೆ ಉಸಿರೆಳೆಯದೆ ಹೇಳಲು ಆಗಬೇಕು. ಮೂರು ಪದಕ್ಕೇ ಏದುಸಿರು ಬಂದರೆ ಅದು ಸಲೀಸು ಓಟವಲ್ಲ. ಹೊಸಬರಲ್ಲಿ ಅನೇಕರಿಗೆ ಓಡುತ್ತಾ ಜೋನ್ 2ರಲ್ಲಿ ಉಳಿಯಲು ಸಾಧ್ಯವೇ ಇರುವುದಿಲ್ಲ. ಅವರ ಜೋನ್ 2 ಚುರುಕು ನಡಿಗೆಯೇ, ಅದರಲ್ಲಿ ಅವಮಾನ ಏನೂ ಇಲ್ಲ.

ಹಳೇಸೋಲ್:

ಶೂ ಬಗ್ಗೆ. 2017ರಲ್ಲಿ ನೈಕಿಯ ವೇಪರ್‌ಫ್ಲೈ ಮಾರುಕಟ್ಟೆಗೆ ಬಂದಾಗಿನಿಂದ ಈ ಪ್ಲೇಟ್ ಶೂಗಳ ಸುಗ್ಗಿ. 2020ರಲ್ಲಿ ಅಥ್ಲೆಟಿಕ್ಸ್‌ನ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ಅಥ್ಲೆಟಿಕ್ಸ್ ರಸ್ತೆ ಓಟದ ಶೂಗಳಿಗೆ ಸೋಲ್ 40 ಮಿ.ಮೀ. ಮೀರಬಾರದು, ಪ್ಲೇಟ್ ಒಂದೇ ಇರಬೇಕು ಎಂದು ಮಿತಿ ಹಾಕಿತು. ಅವು ಸ್ಪರ್ಧೆಯ ದಿನಕ್ಕೆ ಮಾಡಿದ ವಸ್ತು. ಫೋಮ್ ಮೆತ್ತಗೆ ಎತ್ತರವಾಗಿರುತ್ತದೆ, ಹಿಮ್ಮಡಿಯ ಕಡೆ ತಳ ಕಿರಿದು, ಪ್ಲೇಟ್‌ನಿಂದ ಮುಂಪಾದ ಬಾಗುವುದಿಲ್ಲ. ನಮ್ಮ ಫುಟ್‌ಪಾತಿನ ಎದ್ದ ಕಲ್ಲು, ಡ್ರೈನ್ ಮುಚ್ಚಳ, ದಿಢೀರ್ ತಿರುವುಗಳ ಮೇಲೆ ಪಾದ ಓಲಾಡುತ್ತದೆ. 7 ನಿಮಿಷದ ಪೇಸ್‌ನಲ್ಲಿ ಸಿಗುವ ಲಾಭವೂ ಕಡಿಮೆ, ಒಬ್ಬರಿಂದ ಒಬ್ಬರಿಗೆ ಬೇರೆ. ಕೊಂಡವರು ಎಸೆಯಬೇಕಿಲ್ಲ. ಓಟಕ್ಕೆ ಮುಂಚೆ ಎರಡು ಮೂರು ಸಲ ಹಾಕಿ ರೂಢಿ ಮಾಡಿಕೊಳ್ಳಲಿ, ಉಳಿದ ದಿನ ಸಾಮಾನ್ಯ ತರಬೇತಿ ಶೂ ಇರಲಿ.

ಆ ಸಾಮಾನ್ಯ ಶೂ ಕೊಳ್ಳುವಾಗ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸ್ ಹಾಕಿಯೇ ನೋಡಿ, ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಡಿ. 500ರಿಂದ 800 ಕಿ.ಮೀ. ಬಾಳುತ್ತದೆ. ಮಳೆಯಲ್ಲಿ ನೆಂದರೆ ಒಳಸೋಲ್ ತೆಗೆದು ಹಳೇ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ, ಹೀಟರ್ ಪಕ್ಕಕ್ಕೆ ಇಟ್ಟರೆ ಅಂಟು ಬಿಡುತ್ತದೆ.

ಆ ಮೂವರ ನೋವನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಲುಬಿನ ಒಳಅಂಚನ್ನು ಬೆರಳಿನಿಂದ ಒತ್ತುತ್ತಾ ಬನ್ನಿ. ಅಂಗೈ ಅಗಲದಷ್ಟು ಉದ್ದಕ್ಕೂ ನೋವಿದ್ದರೆ ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ (ಅತಿಯಾದ ಓಟದಿಂದ ಆ ಎಲುಬಿನ ಉದ್ದಕ್ಕೂ ಬರುವ ನೋವು): ಓಟ ಅರ್ಧಕ್ಕೆ ಇಳಿಸಿ, ಸಾಧ್ಯವಾದಷ್ಟು ಮಣ್ಣಿನ ದಾರಿಯಲ್ಲಿ ಓಡಿ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ದಿನ ಬಿಟ್ಟು ದಿನ 15ರಂತೆ 3 ಸಲ ಮಾಡಿ. ನೋವು ಬೆರಳ ತುದಿಯಷ್ಟು ಜಾಗದಲ್ಲಿ, ಒಂದೇ ಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಓಟ ಅಂದೇ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಬೇಕು. ಎಲುಬಿನ ಕೂದಲೆಳೆ ಬಿರುಕು ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ‘ಎಕ್ಸ್‌ರೇ ನಾರ್ಮಲ್’ ಎಂದು ಮತ್ತೆ ಓಡಲು ಶುರು ಮಾಡಿಯೇ ಬಹಳ ಜನ ಕೆಡಿಸಿಕೊಳ್ಳುವುದು.

ಪುಟ್ಟಹೆಜ್ಜೆ:

ಹೆಂಗಸರು ಯಾಕೆ ಬರುವುದಿಲ್ಲ ಎನ್ನುವುದಕ್ಕೆ ಹಿಂದೆ ಉಳಿಯುವುದೊಂದೇ ಕಾರಣವಲ್ಲ ಸರ್. ಹೊರಡುವ ಜಾಗದಲ್ಲಿ ಬಳಸುವ ಸ್ಥಿತಿಯಲ್ಲಿರುವ ಶೌಚಾಲಯ ಇದೆಯೇ? 6 ಗಂಟೆಗೆ ಅಲ್ಲಿ ಬೆಳಕು ಇರುತ್ತದೆಯೇ? ಡಿಸೆಂಬರ್–ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಹೊತ್ತಿಗೆ, ಇಲ್ಲವೇ ಅದರ ನಂತರ. ಆ ಎರಡು ತಿಂಗಳು 6:30ಕ್ಕೆ ಇಡಿ. ಫೋಟೊ ಹಾಕುವ ಮುಂಚೆ ಕೇಳಿ. ಓಟ ದಾಖಲಿಸಿ ಹಂಚಿಕೊಳ್ಳುವ ಆ್ಯಪ್ ಸ್ಟ್ರಾವಾದಲ್ಲಿ ಓಟದ ಆರಂಭ ಮತ್ತು ಕೊನೆ ಮರೆಮಾಡುವ ಸೆಟ್ಟಿಂಗ್ ಇದೆ, ಹೊಸಬರಿಗೆ ಮೊದಲ ದಿನವೇ ಅದನ್ನು ಹಾಕಿಕೊಡಿ. ಮನೆಬಾಗಿಲಿಂದ ವಾಚ್ ಒತ್ತಿದರೆ ಮನೆಯ ವಿಳಾಸವೇ ಬಯಲು. 2018ರಲ್ಲಿ ಆ ಆ್ಯಪ್‌ನ ಹೀಟ್‌ಮ್ಯಾಪ್‌ನಿಂದ (ಬಳಕೆದಾರರು ಓಡಾಡಿದ ದಾರಿಗಳನ್ನು ತೋರಿಸುವ ನಕ್ಷೆ) ಸೇನಾ ನೆಲೆಗಳ ನಕ್ಷೆಯೇ ಹೊರಬಿದ್ದಿತ್ತು.

ರಸ್ತೆಯಲ್ಲಿ ಓಡಲೇಬೇಕಾದರೆ ಬಲಬದಿ ಹಿಡಿಯಿರಿ, ವಾಹನ ಎದುರಿಗೆ ಬರುವುದು ಕಾಣುತ್ತದೆ. ಇಬ್ಬರಿಗಿಂತ ಹೆಚ್ಚು ಜನ ಪಕ್ಕಪಕ್ಕ ಬೇಡ. ಬೀದಿನಾಯಿಗಳ ಹಿಂಡು ಇರುವ ಕಡೆ ಎಲ್ಲರೂ ನಡಿಗೆಗೆ ಇಳಿದು, ಒಟ್ಟಾಗಿ ದಾಟಿ. ಓಡಿದರೆ ಅಟ್ಟಿಸಿಕೊಂಡು ಬರುತ್ತವೆ.

ಮೀನಖಂಡ:

ಏಪ್ರಿಲ್ ಅಂದಿರಲ್ಲ, ಅದನ್ನು ಮರೆತೆ. ಈ 10ಕೆ 2008ರಲ್ಲಿ ಮೇ ತಿಂಗಳಲ್ಲಿ ಶುರುವಾದದ್ದು, ಈಚೆಗೆ ಏಪ್ರಿಲ್ ಕೊನೆಗೆ ಬಂದಿದೆ. ಅದು ನಮ್ಮೂರಿನ ಸುಡುಬೇಸಿಗೆ. ಬಿಸಿಗೆ ದೇಹ ಒಗ್ಗಲು 10–14 ದಿನ ಬೇಕು. ಹಾಗಾಗಿ ಏಪ್ರಿಲ್ ಶುರುವಿನಿಂದ ವಾರಕ್ಕೆ ಎರಡು ಸಲೀಸು ಓಟ ಏಳೂವರೆ ಬಿಸಿಲಿನಲ್ಲಿ ಇರಲಿ, ಪೇಸ್ ನೋಡದೆ. ಒಂದು ಗಂಟೆಯ ಓಟಕ್ಕೆ ಶಕ್ತಿಗೆಂದು ನುಂಗುವ ಸಿಹಿ ಜೆಲ್ ಬೇಡ. ರಾತ್ರಿ ಊಟ ಸರಿಯಾಗಿದ್ದು, ಮುಂಚೆ ಒಂದು ಬಾಳೆಹಣ್ಣು ತಿಂದರೆ ಸಾಕು. ನೀರು ಬಾಯಾರಿದಷ್ಟು ಕುಡಿಯಿರಿ. ಪ್ರತಿ ಸ್ಟಾಲ್‌ನಲ್ಲೂ ಗಟಗಟ ಕುಡಿದು ರಕ್ತದ ಸೋಡಿಯಂ ತೆಳುವಾಗುವುದೂ ಅಪಾಯವೇ. ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಿ. 1 ಲೀಟರಿನದನ್ನು ಅರ್ಧ ಲೀಟರಿಗೆ ಕಲಸಿದರೆ ಹೊಟ್ಟೆ ತೊಳಸುತ್ತದೆ. ಅಂಗಡಿಯ ಸಿಹಿ ಟೆಟ್ರಾಪ್ಯಾಕ್‌ಗಳನ್ನು ಓಆರ್‌ಎಸ್ ಎಂದು ನಂಬಬೇಡಿ.

ಕೆರೆಏರಿ:

ಎಲ್ಲರಿಗೂ ಧನ್ಯವಾದ. ಈ ಭಾನುವಾರದಿಂದಲೇ 22–22 ಶುರು. ಒಂದು ಅನುಮಾನ ಉಳಿಯಿತು: ಪ್ರತಿ ವಾರ ಸಲೀಸಾಗಿಯೇ ಓಡಿದರೆ 5:45ರವರು ಬೇಜಾರಾಗಿ ಬಿಟ್ಟುಹೋಗುವುದಿಲ್ಲವೇ?

ಬೆಳಗಿನಜಾವ:

ಅವರಿಗೆ ಬುಧವಾರ ಕೊಡಿ. 10 ನಿಮಿಷ ಸಲೀಸು ಓಟ, ಆಮೇಲೆ 10ಕೆ ವೇಗದಲ್ಲಿ 3 ನಿಮಿಷದಂತೆ 5 ಸಲ, ನಡುನಡುವೆ 2 ನಿಮಿಷ ಮೆಲ್ಲನೆ ಓಟ, ಕೊನೆಗೆ 10 ನಿಮಿಷ ಸಲೀಸು. ಐದನೆಯದು ಮೊದಲನೆಯದಕ್ಕಿಂತ ನಿಧಾನವಾದರೆ ಮೊದಲನೆಯದು ಜೋರಾಯಿತು ಎಂದರ್ಥ. ಭಾನುವಾರ ಬರುವಾಗಿನ ಕೊನೆಯ 5 ನಿಮಿಷದಲ್ಲಿ 20 ಸೆಕೆಂಡಿನ ಚುರುಕು ಓಟ 4 ಸಲ ಹಾಕಿಕೊಳ್ಳಲಿ. ಅಷ್ಟು ಹೊತ್ತಿಗೆ ಅವರು ಹೇಗೂ ಹೊಸಬರ ಹಿಂದೆ ಬಂದಿರುತ್ತಾರೆ, ದಾಟುವಾಗ ‘ಬಲಕ್ಕೆ ಬರ್ತಿದ್ದೀನಿ’ ಎಂದು ಮೊದಲೇ ಕೂಗಿ ಹೇಳಿ ದಾಟಲಿ.