ಪ್ರಾಸ್ಟೇಟ್ ಆಪರೇಷನ್ ಆಗಿ 4 ತಿಂಗಳು, ಇನ್ನೂ ಮೂತ್ರ ಸೋರುತ್ತಿದೆ. ಮೂತ್ರ ತಡೆಯುವ ಕೆಗೆಲ್ ವ್ಯಾಯಾಮದಿಂದ ನಿಜಕ್ಕೂ ಉಪಯೋಗ ಇದೆಯಾ?

ಹಳೇ ಕಂಡಕ್ಟರ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ 66 ವರ್ಷ. 31 ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ಕೊನೆಯ 10 ವರ್ಷ ಶಿವಮೊಗ್ಗ–ಬೆಂಗಳೂರು ಗಾಡಿ. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ ಎಲ್ಲ ದಾಟಿ ತಿಪಟೂರಿನಲ್ಲಿ ಗಾಡಿ ನಿಂತ ಮೇಲೇ ನಾನು ಒಂದಕ್ಕೆ ಇಳಿಯುತ್ತಿದ್ದುದು. ಡ್ರೈವರ್‌ಗಳು ನನ್ನನ್ನು ಒಂಟೆ ಅಂತ ಕರೆಯುತ್ತಿದ್ದರು. ಈಗ ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ. ಅಷ್ಟರೊಳಗೆ ಪಂಚೆ ಒದ್ದೆ.

ಹೋದ ವರ್ಷ ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ 14 ಬಂತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತಾಯಿತು, ಅದು ಎಷ್ಟು ಜೋರಿನದು ಅನ್ನುವ ಗ್ಲೀಸನ್ ಅಂಕ 4+3, ಅಂದರೆ 7. ಬೇರೆ ಕಡೆ ಹರಡಿರಲಿಲ್ಲ. ರೋಬೋಟ್ ಆಪರೇಷನ್ ಮಾಡಿ ಪ್ರಾಸ್ಟೇಟ್ ಪೂರ್ತಿ ತೆಗೆದರು. ಈಗ ಪಿಎಸ್‌ಎ 0.01. ಆ ವಿಷಯದಲ್ಲಿ ತಕರಾರಿಲ್ಲ.

ತಕರಾರು ಸೋರುವುದರ ಬಗ್ಗೆ. ಕ್ಯಾಥೆಟರ್ (ಮೂತ್ರದ ನಳಿಕೆ) ತೆಗೆದ ದಿನ ಎದ್ದು ನಿಂತೆ, ನಲ್ಲಿ ಬಿಟ್ಟ ಹಾಗಾಯಿತು. ಡಾಕ್ಟರು "ಸ್ವಲ್ಪ ದಿನ ಇರುತ್ತೆ, ಕೆಗೆಲ್ ಮಾಡಿ" ಅಂದು ಒಂದು ಹಾಳೆ ಕೊಟ್ಟರು. ಹಾಳೆಯಲ್ಲಿ ಮಲಗಿದ ಹೆಂಗಸಿನ ಚಿತ್ರ. ನಾನು ಏನನ್ನು ಬಿಗಿಹಿಡಿಯಬೇಕು ಅಂತ ಅದನ್ನು ನೋಡಿ ಗೊತ್ತಾಗಲಿಲ್ಲ. ಕೇಳಲು ನಾಚಿಕೆ. ಕುಂಡೆ ಬಿಗಿಹಿಡಿದು ಬಿಡುತ್ತಾ ಬಂದೆ, ನಾಲ್ಕು ತಿಂಗಳು.

ಹೋದ ವಾರ ಮಗಳು ಒಂದು ಸಂಶೋಧನೆ ಹುಡುಕಿ ಓದಿ ಹೇಳಿದಳು. ಬ್ರಿಟನ್ನಿನದು, 2011ರಲ್ಲಿ ಪ್ರಕಟವಾಗಿದ್ದು, ಹೆಸರು ಮ್ಯಾಪ್ಸ್. ನನ್ನ ಹಾಗೇ ಪ್ರಾಸ್ಟೇಟ್ ತೆಗೆಸಿಕೊಂಡು ಸೋರುತ್ತಿದ್ದ 411 ಗಂಡಸರು. ಅರ್ಧ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ 3 ತಿಂಗಳಲ್ಲಿ 4 ಸಲ ವ್ಯಾಯಾಮ ಹೇಳಿಕೊಟ್ಟರು. ಉಳಿದವರಿಗೆ ಮಾಮೂಲಿ ಸಲಹೆ ಮಾತ್ರ. ವರ್ಷ ಕಳೆದ ಮೇಲೆ ನೋಡಿದರೆ ಕಲಿತವರಲ್ಲಿ 100ಕ್ಕೆ 76 ಜನ ಸೋರುತ್ತಲೇ ಇದ್ದರು. ಕಲಿಯದವರಲ್ಲಿ 77.

ನಾನು ಚಿಲ್ಲರೆ ಲೆಕ್ಕದಲ್ಲಿ ಬೆಳೆದವನು. 100 ಸೀಟಿಗೆ ಒಂದು ಟಿಕೆಟ್ ವ್ಯತ್ಯಾಸ. ಅಷ್ಟಕ್ಕೆ ದಿನಕ್ಕೆ ಮೂರು ಸಲ ಒದ್ದಾಡಬೇಕಾ? ವರ್ಷ ಆದರೂ 76 ಜನ ಸೋರುತ್ತಾರೆ ಅಂದರೆ ನನ್ನ ಗತಿ ಏನು? ಇನ್ನೊಂದು ಆಪರೇಷನ್ ಇದೆಯಂತೆ, ಅದನ್ನು ಈಗಲೇ ಮಾಡಿಸಬಹುದಾ? ತೀರ್ಥಹಳ್ಳಿಯಲ್ಲಿ ತಂಗಿ ಮಗನ ಮದುವೆಗೆ ಜ್ವರ ಅಂತ ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಸಾಕಾಗಿದೆ. ಗೊತ್ತಿದ್ದವರು ಹೇಳಿ.

ಮಲೆನಾಡ ಗಾಳಿ

ಸಾರ್, ನಾಲ್ಕು ಗಂಟೆ ಮೇಲೆ ನೀರು ಮುಟ್ಟಬೇಡಿ. ಬೆಳಿಗ್ಗೆ ಬಾರ್ಲಿ ಗಂಜಿ ಕುಡಿಯಿರಿ. ನಮ್ಮ ಮಾವನಿಗೆ ಹದಿನೈದೇ ದಿನಕ್ಕೆ ಗುಣ ಆಯಿತು. ಸುಮ್ನೆ ಆಸ್ಪತ್ರೆಗೆ ದುಡ್ಡು ಸುರಿಯಬೇಡಿ.

ಫಿಸಿಯೋ ಮೈಸೂರು

ಕಂಡಕ್ಟರ್ ಸಾರ್, ಬಾರ್ಲಿ ಕುಡಿಯಿರಿ, ಅಡ್ಡಿ ಇಲ್ಲ. ಆದರೆ ನೀರು ಬಿಡಬೇಡಿ. ಕಮ್ಮಿ ಕುಡಿದರೆ ಮೂತ್ರ ಕಡು ಆಗಿ ಮೂತ್ರಕೋಶ ಕೆರಳುತ್ತದೆ. ಅವಸರ ಇನ್ನೂ ಜಾಸ್ತಿ ಆಗುತ್ತದೆ. ಮಲಗುವ ಎರಡು ಗಂಟೆ ಮುಂಚೆ ಕಮ್ಮಿ ಮಾಡಿ, ಸಾಕು. ಬಿಡುವುದೇ ಆದರೆ ಸಂಜೆ ಕಾಫಿ ಬಿಡಿ.

ಆ ಹೆಂಗಸಿನ ಚಿತ್ರಕ್ಕೆ ಒಂದು ಹಿನ್ನೆಲೆ ಇದೆ. ಕೆಗೆಲ್ ಅಮೆರಿಕದ ಸ್ತ್ರೀರೋಗ ವೈದ್ಯರು. 1948ರಲ್ಲಿ ಅವರು ಬರೆದಿದ್ದು ಹೆರಿಗೆಯಾದ ಹೆಂಗಸರ ಬಗ್ಗೆ. ಗಂಡಸರಿಗೂ ಅದೇ ಹೆಸರು, ಅದೇ ಹಾಳೆ ಬಂದುಬಿಟ್ಟಿದೆ. ಒಳಗಿನ ರಚನೆ ಮಾತ್ರ ಬೇರೆ.

ಮೂತ್ರ ಹಿಡಿದಿಡಲು ನಿಮಗೆ ಎರಡು ಬಿಗಿತ, ಅಂದರೆ ಉಂಗುರದ ಹಾಗಿನ ಸ್ನಾಯು, ಇದ್ದವು. ಮೂತ್ರಕೋಶದ ಕತ್ತಿನಲ್ಲಿ ಒಂದು, ಪ್ರಾಸ್ಟೇಟಿನ ಕೆಳಗೆ ಇನ್ನೊಂದು. ಮೇಲಿನದು ನಿಮಗೆ ಗೊತ್ತಿಲ್ಲದೆ ತಾನಾಗಿ ಹಿಡಿದಿರುತ್ತಿತ್ತು. ಪ್ರಾಸ್ಟೇಟ್ ತೆಗೆಯುವಾಗ ಅದೂ ಬಹುಪಾಲು ಹೋಗುತ್ತದೆ. ಈಗ ಎಲ್ಲ ಭಾರ ಕೆಳಗಿನದರ ಮೇಲೆ. ನಿಮ್ಮಲ್ಲಿ ಡ್ರೈವರ್ ಕಮ್ ಕಂಡಕ್ಟರ್ ಅಂತ ಒಬ್ಬರಿಗೇ ಎರಡು ಡ್ಯೂಟಿ ಹಾಕುತ್ತಾರಲ್ವಾ, ಹಾಗಾಗಿದೆ. ಅದಕ್ಕೇ ಮಲಗಿದಾಗ ಸೋರುವುದು ಕಮ್ಮಿ, ಎದ್ದ ಕೂಡಲೇ ಜಾಸ್ತಿ.

ಕುಂಡೆ ಬಿಗಿಹಿಡಿದರೆ ಆ ಕೆಳಗಿನ ಬಿಗಿತಕ್ಕೆ ಏನೂ ಸಿಗುವುದಿಲ್ಲ. ಗ್ಯಾಸ್ ತಡೆದ ಹಾಗೆ ಮಾಡಿದರೂ ಜಾಸ್ತಿ ಕೆಲಸ ಆಗುವುದು ಹಿಂದುಗಡೆಗೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ತಂಡ ಗಂಡಸರಿಗೆ ಬೇರೆ ಬೇರೆ ಮಾತಿನಲ್ಲಿ ಸೂಚನೆ ಕೊಟ್ಟು, ಒಳಗೆ ಯಾವ ಸ್ನಾಯು ಎಷ್ಟು ಸರಿಯುತ್ತದೆ ಅಂತ ಅಲ್ಟ್ರಾಸೌಂಡಿನಲ್ಲಿ ನೋಡಿತು. "ಶಿಶ್ನವನ್ನು ಗಿಡ್ಡ ಮಾಡಿ" ಅಂದಾಗ ಮೂತ್ರನಾಳದ ಬಿಗಿತ ಚೆನ್ನಾಗಿ ಕೆಲಸ ಮಾಡಿತು. "ಗುದದ ಸುತ್ತ ಬಿಗಿಹಿಡಿಯಿರಿ" ಅಂದಾಗ ಹಿಂದಿನ ಸ್ನಾಯುವೇ ಜಾಸ್ತಿ ಎದ್ದಿತು. ಮಾತು ಬದಲಾದರೆ ಸ್ನಾಯುವೇ ಬದಲಾಗುತ್ತದೆ.

ಡಿಸೆಂಬರಿನಲ್ಲಿ ಬೆಳಗಿನ ಜಾವ ತುಂಗೆಗೆ ಇಳಿದಿದ್ದೀರಲ್ಲ? ನೀರು ತೊಡೆ ದಾಟಿ ಮೇಲೆ ಬಂದಾಗ ಮುಂದಿನ ಭಾಗ ತಾನಾಗಿ ಒಳಗೆ ಸೇದಿಕೊಳ್ಳುತ್ತದೆ. ಅದೇ ಬೇಕಾದ್ದು. ಹೊಟ್ಟೆ, ತೊಡೆ, ಕುಂಡೆ ಸಡಿಲ. ಉಸಿರು ನಡೆಯುತ್ತಿರಲಿ. ಐದು ಎಣಿಸುವ ತನಕ ಹಿಡಿದು ಪೂರ್ತಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಲಗಿ ಮಾಡಲು ಬಂದ ಮೇಲೆ ಕೂತು, ಆಮೇಲೆ ನಿಂತು. ಏಳುವ, ಕೆಮ್ಮುವ, ಚೀಲ ಎತ್ತುವ ಮುಂಚೆ ಹಿಡಿಯಿರಿ, ಆದ ಮೇಲೆ ಅಲ್ಲ. ಮೂತ್ರ ಮಾಡುವಾಗ ಮಧ್ಯೆ ತಡೆದು ಅಭ್ಯಾಸ ಮಾಡಬೇಡಿ.

ಇನ್ನೊಂದು. ಅಡುಗೆಮನೆ ತಕ್ಕಡಿ ಇದ್ದರೆ 24 ಗಂಟೆಯ ಪ್ಯಾಡುಗಳನ್ನು ಕವರಿನಲ್ಲಿ ಹಾಕಿ ತೂಗಿ. ಒಣ ಪ್ಯಾಡಿನ ತೂಕ ಕಳೆಯಿರಿ. ಒಂದು ಗ್ರಾಂ ಅಂದರೆ ಒಂದು ಮಿಲಿ ಅಂತ ಲೆಕ್ಕ. ಎಷ್ಟು ಹೊತ್ತಿಗೆ ಹೋದಿರಿ, ಎಲ್ಲಿ ಸೋರಿತು, ಏನು ಕುಡಿದಿರಿ ಅಂತಲೂ ಬರೆದಿಡಿ. ಟ್ರಿಪ್ಪಿನ ಟಿಕೆಟ್ ಲೆಕ್ಕದ ವೇಬಿಲ್ ಬರೆದ ಕೈ ನಿಮ್ಮದು, ನಾನು ಹೇಳಿಕೊಡುವುದೇನಿದೆ. ಧಾರೆ ಸಣ್ಣಗಾದರೆ, ರಕ್ತ ಕಂಡರೆ, ಜ್ವರ ಬಂದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಪುತ್ತೂರು ಟು ಲೀಡ್ಸ್

ಇಲ್ಲಿ ಬ್ರಿಟನ್ನಿನ ಲೀಡ್ಸಿನಲ್ಲಿ ಮೂತ್ರರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಮ್ಯಾಪ್ಸ್ ಬಗ್ಗೆ ನಮ್ಮಲ್ಲೂ ಸುಮಾರು ಚರ್ಚೆ ಆಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಸಾರ್, ಆ 76 ಯಾರ ಲೆಕ್ಕ ಅಂತ ಮೊದಲು ನೋಡಿ. ಕೆಮ್ಮಿದಾಗ ಒಂದು ಹನಿ ಬಿದ್ದರೂ ಅವರು "ಸೋರುವವರು" ಪಟ್ಟಿಗೆ ಸೇರುತ್ತಾರೆ. ದಿನಕ್ಕೆ ಐದು ಪ್ಯಾಡ್ ಬದಲಿಸುವವರೂ ಅದೇ ಪಟ್ಟಿಗೆ. ವರ್ಷದ ಮೇಲೂ ನೀವು ಈಗಿನ ಹಾಗೇ ಇರುತ್ತೀರಿ ಅಂತ ಅದರ ಅರ್ಥ ಅಲ್ಲ. ಎರಡನೆಯದು, ಕಲಿಯದವರು ಅಂತ ನೀವು ಬರೆದವರಲ್ಲೂ ಸುಮಾರು ಜನ ತಾವಾಗಿ ವ್ಯಾಯಾಮ ಮಾಡುತ್ತಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ಕಲಿಸುವುದಕ್ಕೆ ಸರ್ಕಾರ ದುಡ್ಡು ಹಾಕಬೇಕಾ ಅನ್ನುವುದು ಆ ಅಧ್ಯಯನದ ಪ್ರಶ್ನೆ. ಸ್ನಾಯು ಬಲವಾದರೆ ಉಪಯೋಗ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಹಾಗಂತ ವ್ಯಾಯಾಮದಿಂದ ಪವಾಡ ಆಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಫಿಸಿಯೋ ಅವರಿಗೆ ಬೇಜಾರಾಗಬಾರದು.

ಕಾಲ ಕಳೆದ ಹಾಗೆ ಏನಾಗುತ್ತದೆ ಅಂತ ತಿಳಿಯಲು ಪ್ರೊಟೆಕ್ಟ್ ಅಧ್ಯಯನ ನೋಡಬೇಕು. ಇಲ್ಲಿ 1999ರಿಂದ 2009ರ ತನಕ ಒಂಬತ್ತು ಊರುಗಳಲ್ಲಿ ಜನರನ್ನು ಸೇರಿಸಿಕೊಂಡರು, ಲೀಡ್ಸ್ ಕೂಡ ಒಂದು. ಕ್ಯಾನ್ಸರ್ ಹರಡದ 1,643 ಗಂಡಸರನ್ನು ಮೂರು ಭಾಗ ಮಾಡಿದರು. ಆಪರೇಷನ್, ರೇಡಿಯೇಷನ್, ಬರೀ ನಿಗಾ. ಆಪರೇಷನ್ ಗುಂಪಿನಲ್ಲಿ 6 ತಿಂಗಳಿಗೆ ಪ್ಯಾಡ್ ಬಳಸುತ್ತಿದ್ದವರು 100ಕ್ಕೆ 46. ಆರನೇ ವರ್ಷಕ್ಕೆ 17. ನೀವಿನ್ನೂ ನಾಲ್ಕನೇ ತಿಂಗಳಲ್ಲಿದ್ದೀರಿ.

ಅದೇ ಅಧ್ಯಯನದಲ್ಲಿ 15 ವರ್ಷದ ಮೇಲೆ ಮೂರೂ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು 100ಕ್ಕೆ 3ರಷ್ಟೇ. ಇದನ್ನು ಓದಿ ಯಾರಾದರೂ "ನಿಮಗೆ ಆಪರೇಷನ್ನೇ ಬೇಕಿರಲಿಲ್ಲ" ಅನ್ನಬಹುದು. ತಲೆಗೆ ಹಾಕಿಕೊಳ್ಳಬೇಡಿ. ಅಲ್ಲಿದ್ದ ಹೆಚ್ಚಿನವರ ಗ್ಲೀಸನ್ 6, ಪಿಎಸ್‌ಎ 5ರ ಆಸುಪಾಸು. ನಿಮ್ಮದು 4+3, ಪಿಎಸ್‌ಎ 14. ಬರೀ ನಿಗಾ ಇಡುವ ಜಾತಿಯದ್ದಲ್ಲ ಅದು.

ಬೆಣ್ಣೆದೋಸೆ 58

ಕಂಡಕ್ಟ್ರೇ, ನಾನು ದಾವಣಗೆರೆಯವನು. ಆಪರೇಷನ್ ಆಗಿ ಆರು ವರ್ಷ. ಎರಡು ವರ್ಷ ವ್ಯಾಯಾಮ, ಮಾತ್ರೆ ಎಲ್ಲ ಮಾಡಿದೆ. ನನಗೆ ಕೈಕೊಟ್ಟಿತು. ಕೊನೆಗೆ ಕೃತಕ ಸ್ಫಿಂಕ್ಟರ್, ಅಂದರೆ ಮೂತ್ರ ಹಿಡಿಯುವ ಬಿಗಿತದ ಬದಲಿ ಯಂತ್ರ, ಹಾಕಿಸಿಕೊಂಡೆ. ಅಮೆರಿಕದಲ್ಲಿ ಸ್ಕಾಟ್ ಅನ್ನುವ ಡಾಕ್ಟರು 1972ರಲ್ಲೇ ಮೊದಲು ಹಾಕಿದ್ದಂತೆ, ನಮ್ಮ ಊರಲ್ಲಿ ಕೇಳಿದವರೇ ಇಲ್ಲ.

ಮೂತ್ರನಾಳದ ಸುತ್ತ ನೀರು ತುಂಬಿದ ಪಟ್ಟಿ. ಹೊಟ್ಟೆಯೊಳಗೆ ಸಣ್ಣ ಬಲೂನು. ಬೀಜದ ಚೀಲದಲ್ಲಿ ಒಂದು ಪಂಪು, ಹುಣಸೆಬೀಜ ಹಿಸುಕಿದ ಹಾಗೆ ಕೈಗೆ ಸಿಗುತ್ತದೆ. ಅದನ್ನು ಒತ್ತಿದರೆ ಪಟ್ಟಿಯ ನೀರು ಬಲೂನಿಗೆ ಹೋಗಿ ದಾರಿ ಬಿಡುತ್ತದೆ. ಎರಡು ಮೂರು ನಿಮಿಷಕ್ಕೆ ತಾನಾಗಿ ಮತ್ತೆ ಮುಚ್ಚುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಕ್ಯಾಥೆಟರ್ ಹಾಕುವ ಮುಂಚೆ ಇದು ಒಳಗಿದೆ ಅಂತ ಹೇಳಲೇಬೇಕು. ಖರ್ಚು ಲಕ್ಷಗಳಲ್ಲಿ. ಯಂತ್ರ ಅಲ್ವಾ, ವರ್ಷಗಳ ಮೇಲೆ ಕೆಡಲೂಬಹುದು.

ಜಾಲಿಯ ಪಟ್ಟಿ ಇಡುವ ಸ್ಲಿಂಗ್ ಅಂತ ಇನ್ನೊಂದಿದೆ. ಬ್ರಿಟನ್ನಿನಲ್ಲಿ ಎರಡನ್ನೂ 380 ಜನರ ಮೇಲೆ ಹೋಲಿಸಿ ನೋಡಿದ್ದಾರೆ, 2021ರಲ್ಲಿ ಬಂತು. ವರ್ಷದ ಮೇಲೆ ಸ್ಲಿಂಗಿನವರಲ್ಲಿ 100ಕ್ಕೆ 87, ನನ್ನ ಹಾಗೆ ಸ್ಫಿಂಕ್ಟರ್ ಹಾಕಿಸಿಕೊಂಡವರಲ್ಲಿ 84 ಜನ ಇನ್ನೂ "ಸೋರುತ್ತಿದ್ದರು". ಓದಿ ಎದೆ ಧಸಕ್ಕೆಂದಿತ್ತು. ಲೀಡ್ಸಿನವರು ಹೇಳಿದ ಹನಿ ಲೆಕ್ಕವೇ ಅಲ್ಲೂ. ಸೋರಿಕೆ ಬಹಳ ಕಮ್ಮಿಯಾಗಿ ಹೆಚ್ಚಿನವರು ಖುಷಿಯಾಗಿದ್ದರು. ಆ ಲೆಕ್ಕದಲ್ಲಿ ನಾನೂ ಸೋರುವವನೇ, ಜೋರಾಗಿ ಸೀನಿದರೆ ನಾಲ್ಕು ಹನಿ. ಆದರೂ ಮೊನ್ನೆ ಮಗಳ ಮದುವೆಯಲ್ಲಿ ಬಿಳಿ ಪಂಚೆ ಉಟ್ಟು ಧಾರೆ ಎರೆದೆ.

ಈಗಲೇ ಓಡಬೇಡಿ. ನನ್ನ ಡಾಕ್ಟರು ಕನಿಷ್ಠ ಒಂದು ವರ್ಷ ಕಾಯಿಸಿದರು.

ಹಳೇ ಕಂಡಕ್ಟರ್, ಶಿವಮೊಗ್ಗ

ಉತ್ತರ ಬರೆಯಲು ಮೂರು ವಾರ ಬೇಕಾಯಿತು. ವೇಬಿಲ್ ಆಗದೆ ಏನು ಬರೆಯಲಿ ಅಂತ ಸುಮ್ಮನಿದ್ದೆ.

ಹೆಂಡತಿಯ ತಕ್ಕಡಿ ಮುಟ್ಟಲು ಬಿಡಲಿಲ್ಲ. ಬೇರೆಯದೇ ತಂದೆ. ಮೊದಲ ದಿನ 340 ಗ್ರಾಂ. ಎರಡನೇ ವಾರ 310. ನಿನ್ನೆ 225. ಫಿಸಿಯೋ ಮೇಡಂ, ನಿಮ್ಮ ತುಂಗೆಯ ಮಾತು ಕೇಳಿ ಮೊದಲು ನಗು ಬಂತು, ಆಮೇಲೆ ಅದೇ ಸರಿಹೋಯಿತು. ಇಷ್ಟು ದಿನ ತಪ್ಪು ಬಾಗಿಲು ಎಳೆಯುತ್ತಿದ್ದೆ. ಇದು ವ್ಯಾಯಾಮದಿಂದ ಕಮ್ಮಿಯಾಯಿತೋ, ದಿನ ಕಳೆದಿದ್ದಕ್ಕೋ ಗೊತ್ತಿಲ್ಲ. ಲೀಡ್ಸಿನವರು ಎರಡನೆಯದು ಅನ್ನಬಹುದು. ಇರಲಿ. ಸಾಯಂಕಾಲ ನಾಲ್ಕರ ಮೇಲೆ ಜಾಸ್ತಿ ಸೋರುತ್ತದೆ ಅಂತ ಬರೆದಿಟ್ಟ ಮೇಲೇ ಕಂಡಿದ್ದು. ಸ್ನಾಯು ಸುಸ್ತಾಗುತ್ತದೋ, ಕಾಫಿಯೋ. ಕಾಫಿ ಒಂದು ಲೋಟಕ್ಕೆ ಇಳಿಸಿದ್ದೇನೆ, ಪೂರ್ತಿ ಬಿಡು ಅನ್ನಬೇಡಿ.

ಬೆಣ್ಣೆದೋಸೆಯವರೇ, ಎರಡನೇ ಆಪರೇಷನ್ ಮಾತು ವರ್ಷ ಆಗುವ ತನಕ ಎತ್ತುವುದಿಲ್ಲ. ಆ ಪಂಪು ಇಟ್ಟುಕೊಂಡು ಸೈಕಲ್ ಹೊಡೆಯಬಹುದಾ ಅಂತ ಮಾತ್ರ ಬಿಡುವಾದಾಗ ಹೇಳಿ.

ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ, ಆಪರೇಷನ್ ಆದ ಮೇಲೆ ಮೊದಲ ಸಲ. ಜೇಬಿನಲ್ಲಿ ಒಂದು ಪ್ಯಾಡ್, ಚೀಲದಲ್ಲಿ ಎರಡು. ಕಂಡಕ್ಟರ್ ಹುಡುಗ ಗುರುತು ಹಿಡಿದು ಮುಂದಿನ ಸೀಟು ಕೊಟ್ಟ. ಭದ್ರಾವತಿಯ ತನಕ ಒಣ. ಇಳಿಯುವಾಗ ಮೆಟ್ಟಿಲ ಮೇಲೆ ಸ್ವಲ್ಪ ಸೋರಿತು. ಹಿಡಿಯಲು ಮರೆತಿದ್ದೆ.